ಸ್ವಿಚ್ಚಿನ ಪೋರ್ಟಿಗೆ ಕಾವಲು: ಲೆಕ್ಕ ವಿನಾಯಿತಿಯಿಂದ ಶುರುವಾಗಲಿ

ನಾಸಾಕ್ಕೆ ಸೇರಿದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಮಂಗಳನ ನೆಲದ ಮೇಲೆ ಗಾಡಿ ಓಡಿಸುವಷ್ಟು ಜಾಣರ ಸಂಸ್ಥೆ. ಅದರ ಜಾಲದೊಳಗೆ ಹೊರಗಿನವರು ನುಗ್ಗಿ ಸುಮಾರು 500 ಮೆಗಾಬೈಟ್ ದತ್ತಾಂಶ ಹೊತ್ತೊಯ್ದಿದ್ದಾರೆ ಎಂಬುದು 2018ರ ಏಪ್ರಿಲ್‌ನಲ್ಲಿ ಬಯಲಾಯಿತು. ನುಗ್ಗಿದವರು ಸುಮಾರು ಹತ್ತು ತಿಂಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಸಾದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2019ರ ಜೂನ್‌ನಲ್ಲಿ ಹೊರತಂದ ವರದಿಯನ್ನು ಓದಿದರೆ ಕಥೆ ಒಂದು ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಬಂದು ನಿಲ್ಲುತ್ತದೆ. ಅಂಗೈಯಗಲದ ಆ ಯಂತ್ರವನ್ನು ಅನುಮತಿಯಿಲ್ಲದೆ ಜಾಲಕ್ಕೆ ಸಿಕ್ಕಿಸಲಾಗಿತ್ತು, ಮತ್ತು ಅದನ್ನು ಯಾರೂ ತಡೆದಿರಲಿಲ್ಲ. ವರದಿ ಎತ್ತಿ ಹೇಳಿದ ಇನ್ನೊಂದು ಲೋಪ ಇದಕ್ಕೆ ಜೋಡಿಯಾದದ್ದು: ಜಾಲದ ಭಾಗಗಳ ನಡುವೆ ಸರಿಯಾದ ಅಡ್ಡಗೋಡೆ ಇರಲಿಲ್ಲ, ಹಾಗಾಗಿ ಒಂದು ಮೂಲೆಯಲ್ಲಿ ಕಾಲಿಟ್ಟವನಿಗೆ ಉಳಿದ ಕೋಣೆಗಳಿಗೂ ದಾರಿ ಸಿಕ್ಕಿತು. ಬಾಗಿಲಲ್ಲಿ ಯಾರು ಎಂದು ಕೇಳುವವರಿಲ್ಲ, ಒಳಗೆ ಎಲ್ಲಿಗೆ ಎಂದು ತಡೆಯುವವರಿಲ್ಲ. ಈ ಎರಡೂ ಕೆಲಸವನ್ನು ಮಾಡಬಲ್ಲ ಸಾಮರ್ಥ್ಯ ಇವತ್ತು ಸಾಧಾರಣ ಬೆಲೆಯ ಮ್ಯಾನೇಜ್ಡ್ ಸ್ವಿಚ್‌ನಲ್ಲೂ ಇದೆ. ನಮ್ಮ ಹೆಚ್ಚಿನ ಕಚೇರಿ, ಕಾಲೇಜು, ಆಸ್ಪತ್ರೆಗಳಲ್ಲಿ ಆ ಸಾಮರ್ಥ್ಯಕ್ಕೆ ಹಣ ಕೊಟ್ಟಾಗಿರುತ್ತದೆ. ಅದನ್ನು ಚಾಲೂ ಮಾಡಿರುವುದಿಲ್ಲ, ಅಷ್ಟೇ.

ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವುದು 802.1ಎಕ್ಸ್, ಎಂಜಿನಿಯರುಗಳ ಬಾಯಲ್ಲಿ ‘ಡಾಟ್ ಒನ್ ಎಕ್ಸ್’. ಪೋರ್ಟಿಗೆ ಕೇಬಲ್ ಸಿಕ್ಕಿಸಿದ ಯಂತ್ರ ತನ್ನ ಗುರುತು ತೋರಿಸುವವರೆಗೆ ಪೋರ್ಟನ್ನು ಮುಚ್ಚಿಡುವ ವಿಧಾನ ಇದು. ಎರಡನೆಯ ಪ್ರಶ್ನೆ ವಿ-ಲ್ಯಾನ್‌ನದು. ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ಪಾಲು ಮಾಡುವ ವಿಧಾನ ಅದು. ಎರಡನ್ನೂ ಬೇರೆಬೇರೆಯಾಗಿ ಬಳಸಬಹುದು, ಬಳಸುವವರೂ ಇದ್ದಾರೆ. ಆದರೆ ಆಗ ಎರಡೂ ಅರ್ಧಂಬರ್ಧ. ಬರೀ ವಿ-ಲ್ಯಾನ್ ಇದ್ದರೆ ಅಕೌಂಟ್ಸ್ ವಿಭಾಗದ ಗೋಡೆಯ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಚುಚ್ಚಿದ ಯಾರೇ ಆದರೂ ಅಕೌಂಟ್ಸ್ ಜಾಲದ ಸದಸ್ಯರೇ. ಬರೀ ಡಾಟ್ ಒನ್ ಎಕ್ಸ್ ಇದ್ದರೆ ಗುರುತು ತೋರಿಸಿ ಒಳಬಂದ ಪ್ರತಿಯೊಬ್ಬರಿಗೂ ಇಡೀ ಮನೆ ತೆರೆದೇ ಇರುತ್ತದೆ. ಇಷ್ಟು ಯಾವ ಕೈಪಿಡಿಯಲ್ಲೂ ಸಿಗುತ್ತದೆ. ಕೈಪಿಡಿಗಳು ಹಾರಿಸಿಬಿಡುವ ಮಾತೇ ಈ ಲೇಖನದ ವಾದ: ಇಂಥ ವ್ಯವಸ್ಥೆ ಗಟ್ಟಿಯೋ ಜೊಳ್ಳೋ ಎಂಬುದು ಅದರ ನಿಯಮದಿಂದ ತೀರ್ಮಾನವಾಗುವುದಿಲ್ಲ, ನಿಯಮಕ್ಕೆ ಕೊಟ್ಟ ವಿನಾಯಿತಿಗಳಿಂದ ತೀರ್ಮಾನವಾಗುತ್ತದೆ. ಗುರುತು ತೋರಿಸಲು ಬಾರದ ಪ್ರಿಂಟರ್, ಕ್ಯಾಮೆರಾ, ಹಾಜರಾತಿ ಯಂತ್ರಗಳಿಗೆ ಏನು ಮಾಡುತ್ತೀರಿ, ಗುರುತು ನೋಡುವ ಸರ್ವರ್ ಮಲಗಿದ ದಿನ ಏನು ಮಾಡುತ್ತೀರಿ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳದೆ ಸ್ವಿಚ್ಚಿಗೆ ಆಜ್ಞೆ ಕೊಡಲು ಕೂತರೆ ಮೂರು ವಾರದಲ್ಲಿ ಎಲ್ಲವನ್ನೂ ತೆಗೆದುಹಾಕಬೇಕಾಗುತ್ತದೆ.

ವಿ-ಲ್ಯಾನ್‌ನಿಂದ ಆರಂಭಿಸೋಣ, ಏಕೆಂದರೆ ಒಳಗೆ ಬಿಟ್ಟವರನ್ನು ಕೂರಿಸಲು ಕೋಣೆ ಮೊದಲೇ ಕಟ್ಟಿರಬೇಕು. 1998ರಲ್ಲಿ ಬಂದ 802.1ಕ್ಯೂ ಮಾನದಂಡದ ಪ್ರಕಾರ ಈಥರ್ನೆಟ್ ಫ್ರೇಮಿನೊಳಗೆ ನಾಲ್ಕು ಬೈಟ್‌ಗಳ ಒಂದು ಚೀಟಿ ಸೇರುತ್ತದೆ. ಅದರಲ್ಲಿ 12 ಬಿಟ್ ವಿ-ಲ್ಯಾನ್ ಸಂಖ್ಯೆಗೆ ಮೀಸಲು, ಹಾಗಾಗಿ ಬಳಸಲು ಸಿಗುವ ಸಂಖ್ಯೆಗಳು 4094. ಅಷ್ಟು ಯಾರಿಗೂ ಬೇಡ. ನೂರೈವತ್ತು ಜನರ ಒಂದು ಕಚೇರಿಯನ್ನು ಎದುರಿಗಿಟ್ಟುಕೊಂಡರೆ ಸಿಬ್ಬಂದಿಗೆ 10, ಲೆಕ್ಕಪತ್ರಕ್ಕೆ 20, ಫೋನುಗಳಿಗೆ 30, ಪ್ರಿಂಟರುಗಳಿಗೆ 40, ಕ್ಯಾಮೆರಾ ಮತ್ತು ಹಾಜರಾತಿ ಯಂತ್ರಗಳಿಗೆ 50, ಅತಿಥಿಗಳಿಗೆ 60, ಸ್ವಿಚ್‌ಗಳ ನಿರ್ವಹಣೆಗೆ 99 ಸಾಕು. ಇವುಗಳ ಜೊತೆ 999 ಎಂಬ ಒಂದು ಪಾಳು ವಿ-ಲ್ಯಾನ್ ಇರಲಿ. ಬಳಕೆಯಲ್ಲಿಲ್ಲದ ಪೋರ್ಟುಗಳನ್ನೆಲ್ಲ ಅದರೊಳಗೆ ತಳ್ಳಿ ಮುಚ್ಚಿಬಿಡಬಹುದು. ಕಾರ್ಖಾನೆಯಿಂದ ಬಂದಾಗ ಎಲ್ಲ ಪೋರ್ಟುಗಳೂ ವಿ-ಲ್ಯಾನ್ 1ರಲ್ಲಿ ಇರುತ್ತವೆ, ಸ್ವಿಚ್‌ಗಳನ್ನು ಒಂದಕ್ಕೊಂದು ಜೋಡಿಸುವ ಟ್ರಂಕ್‌ಗಳ ನೇಟಿವ್ ವಿ-ಲ್ಯಾನ್, ಅಂದರೆ ಚೀಟಿಯಿಲ್ಲದ ಫ್ರೇಮುಗಳು ಸೇರುವ ವಿ-ಲ್ಯಾನ್ ಕೂಡ ಅದೇ. ಅದನ್ನು ಹಾಗೇ ಬಿಟ್ಟರೆ, ಒಂದರೊಳಗೊಂದು ಎರಡು ಚೀಟಿ ಅಂಟಿಸಿದ ಫ್ರೇಮನ್ನು ಕಳಿಸಿ ಬೇರೆ ವಿ-ಲ್ಯಾನಿಗೆ ಹಾರುವ ಹಳೆಯ ಚಮತ್ಕಾರಕ್ಕೆ ಅವಕಾಶವಾಗುತ್ತದೆ: ಮೊದಲ ಸ್ವಿಚ್ ಹೊರಗಿನ ಚೀಟಿ ಕಿತ್ತು ಎಸೆಯುತ್ತದೆ, ಮುಂದಿನ ಸ್ವಿಚ್ ಒಳಗಿನದನ್ನು ನಂಬುತ್ತದೆ. ನೇಟಿವ್ ವಿ-ಲ್ಯಾನನ್ನು ಯಾರೂ ಬಳಸದ ಸಂಖ್ಯೆಗೆ ಬದಲಿಸಿ. ಬಳಕೆದಾರರ ಪೋರ್ಟುಗಳನ್ನು ಕಡ್ಡಾಯವಾಗಿ ಆಕ್ಸೆಸ್ ಮೋಡ್‌ಗೆ ಹಾಕಿ, ತಾವೇ ಟ್ರಂಕ್ ಆಗುವ ಮಾತುಕತೆಯನ್ನು ನಿಲ್ಲಿಸಿ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಪಾಲು ಮಾಡಿದ ಜಾಲಗಳು ಒಂದಕ್ಕೊಂದು ಮಾತಾಡಬೇಕಾದರೆ ನಡುವೆ ರೂಟರ್ ಅಥವಾ ಲೇಯರ್ 3 ಸ್ವಿಚ್ ಬೇಕು. ಆ ಸ್ವಿಚ್‌ನಲ್ಲಿ ರೂಟಿಂಗ್ ಚಾಲೂ ಮಾಡಿದ ಕ್ಷಣವೇ, ನಿರ್ಬಂಧದ ಪಟ್ಟಿ ಬರೆಯದಿದ್ದರೆ, ಎಲ್ಲ ವಿ-ಲ್ಯಾನ್‌ಗಳೂ ಎಲ್ಲವನ್ನೂ ಮುಟ್ಟಬಲ್ಲವು. ಗೋಡೆ ಕಟ್ಟಿ ಪ್ರತಿ ಗೋಡೆಗೂ ಬಾಗಿಲಿಟ್ಟು ಚಿಲಕ ಹಾಕದೆ ಬಿಟ್ಟ ಹಾಗೆ. ಆದ್ದರಿಂದ ವಿ-ಲ್ಯಾನ್ ಯೋಜನೆ ಎಂದರೆ ಸಂಖ್ಯೆಗಳ ಪಟ್ಟಿಯಲ್ಲ, ಯಾರು ಯಾರ ಜೊತೆ ಮಾತಾಡಬಹುದು ಎಂಬ ಕೋಷ್ಟಕ. ಕ್ಯಾಮೆರಾ ತನ್ನ ರೆಕಾರ್ಡರಿನ ಜೊತೆ ಮಾತ್ರ, ಹಾಜರಾತಿ ಯಂತ್ರ ತನ್ನ ಸರ್ವರಿನ ಜೊತೆ ಮಾತ್ರ, ಪ್ರಿಂಟರ್ ಪ್ರಿಂಟ್ ಸರ್ವರಿನ ಜೊತೆ ಮಾತ್ರ. ಈ ಕೋಷ್ಟಕದ ಬಿಗಿಯೇ ಮುಂದೆ ವಿನಾಯಿತಿಗಳನ್ನು ಕಾಯುವುದು.

ಇನ್ನು ಬಾಗಿಲಿಗೆ ಬರೋಣ. 802.1ಎಕ್ಸ್ ಮೊದಲು ಪ್ರಕಟವಾದದ್ದು 2001ರಲ್ಲಿ. ಆಮೇಲೆ 2004, 2010, 2020ರಲ್ಲಿ ಪರಿಷ್ಕಾರಗೊಂಡಿತು. ಇದರಲ್ಲಿ ಮೂವರು ಪಾತ್ರಧಾರಿಗಳು. ಕಂಪ್ಯೂಟರಿನೊಳಗೆ ಕೂತು ಗುರುತು ಒಪ್ಪಿಸುವ ತಂತ್ರಾಂಶ ಸಪ್ಲಿಕೆಂಟ್, ಬಾಗಿಲು ಕಾಯುವ ಸ್ವಿಚ್ ಅಥೆಂಟಿಕೇಟರ್, ಗುರುತನ್ನು ಪರೀಕ್ಷಿಸಿ ತೀರ್ಪು ಕೊಡುವುದು ರೇಡಿಯಸ್ ಸರ್ವರ್. ಸ್ವಿಚ್ಚಿಗೆ ಸ್ವಂತ ಬುದ್ಧಿ ಇಲ್ಲ ಎಂಬುದನ್ನು ಗಮನಿಸಬೇಕು. ಕಂಪ್ಯೂಟರ್ ಕೊಟ್ಟ ಮಾತನ್ನು ಅದು ಸರ್ವರಿಗೆ ದಾಟಿಸುತ್ತದೆ, ಸರ್ವರ್ ಹೇಳಿದಂತೆ ಬಾಗಿಲು ತೆರೆಯುತ್ತದೆ. ತೀರ್ಪು ಬರುವವರೆಗೆ ಆ ಪೋರ್ಟಿನಲ್ಲಿ ಗುರುತಿನ ಮಾತುಕತೆಯ ಫ್ರೇಮುಗಳಿಗೆ ಮಾತ್ರ ದಾರಿ. ಐಪಿ ವಿಳಾಸ ಬೇಡುವ ಡಿಎಚ್‌ಸಿಪಿ ಕೂಡ ಹೊರಗೇ ನಿಲ್ಲಬೇಕು. ಸರ್ವರ್ ‘ಸರಿ’ ಎನ್ನುವಾಗ ಜೊತೆಯಲ್ಲೇ ಮೂರು ಸಂಗತಿ ಕಳಿಸಬಹುದು: ಟನೆಲ್ ಟೈಪ್ 13, ಅಂದರೆ ಇದು ವಿ-ಲ್ಯಾನ್, ಟನೆಲ್ ಮೀಡಿಯಂ ಟೈಪ್ 6, ಅಂದರೆ ಮಾಧ್ಯಮ ಈಥರ್ನೆಟ್ ಕುಟುಂಬದ್ದು, ಟನೆಲ್ ಪ್ರೈವೇಟ್ ಗ್ರೂಪ್ ಐಡಿ, ಅಂದರೆ ಯಾವ ವಿ-ಲ್ಯಾನ್. ಎರಡು ವ್ಯವಸ್ಥೆಗಳು ಕೈಕೂಡಿಸುವುದು ಈ ಮೂರು ಸಾಲುಗಳಲ್ಲಿ. ಲೆಕ್ಕಪತ್ರದವರು ಮೂರನೆಯ ಮಹಡಿಯ ಸಭಾಂಗಣದಲ್ಲಿ ಲ್ಯಾಪ್‌ಟಾಪ್ ಸಿಕ್ಕಿಸಿದರೂ ಲೆಕ್ಕಪತ್ರದ ವಿ-ಲ್ಯಾನ್ ಅವರ ಹಿಂದೆಯೇ ಬರುತ್ತದೆ. ಗ್ರೂಪ್ ಐಡಿಯಲ್ಲಿ ಸಂಖ್ಯೆಯ ಬದಲು ಹೆಸರು ಬರೆಯುವುದು ಮೇಲು, ಏಕೆಂದರೆ ಎರಡು ಕಟ್ಟಡಗಳಲ್ಲಿ ಒಂದೇ ವಿಭಾಗಕ್ಕೆ ಬೇರೆಬೇರೆ ಸಂಖ್ಯೆ ಇರಬಹುದು. ಒಂದೇ ಷರತ್ತು: ಆ ಹೆಸರಿನ ವಿ-ಲ್ಯಾನ್ ಸ್ವಿಚ್‌ನಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಸರ್ವರ್ ಒಪ್ಪಿದರೂ ಬಾಗಿಲು ತೆರೆಯದು, ದೋಷ ಎಲ್ಲಿದೆ ಎಂದು ಹುಡುಕುವುದರಲ್ಲಿ ಅರ್ಧ ದಿನ ಹೋಗುತ್ತದೆ.

ಗುರುತು ಯಾವ ರೂಪದ್ದು? ಬಳಕೆಯಲ್ಲಿ ಎರಡು ದಾರಿ ಹೆಚ್ಚು. ಪೀಪ್ ಎಂಬ ಸುರಂಗದೊಳಗೆ ಹೆಸರು, ಪಾಸ್‌ವರ್ಡ್ ಕಳಿಸುವುದು ಒಂದು. ಎರಡೂ ಕಡೆ ಡಿಜಿಟಲ್ ಪ್ರಮಾಣಪತ್ರ ಇಟ್ಟುಕೊಳ್ಳುವ ಇಎಪಿ-ಟಿಎಲ್‌ಎಸ್ ಇನ್ನೊಂದು. ಮೊದಲನೆಯದು ಸುಲಭ, ಅದಕ್ಕೇ ಎಲ್ಲೆಡೆ ಹರಡಿದೆ. ಆದರೆ ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಎಂಟರ್‌ಪ್ರೈಸ್ ಮತ್ತು ಎಜುಕೇಷನ್ ಯಂತ್ರಗಳಲ್ಲಿ ಪಾಸ್‌ವರ್ಡಿನ ಗುಟ್ಟನ್ನು ಬಚ್ಚಿಡುವ ಕ್ರೆಡೆನ್ಷಿಯಲ್ ಗಾರ್ಡ್ ತಾನಾಗಿಯೇ ಚಾಲೂ ಆಗುತ್ತದೆ, ಮತ್ತು ಲಾಗಿನ್ ಪಾಸ್‌ವರ್ಡನ್ನೇ ಜಾಲಕ್ಕೂ ಒಪ್ಪಿಸುವ ಹಳೆಯ ಅನುಕೂಲ ಅಲ್ಲಿ ಕೆಲಸ ಮಾಡುವುದಿಲ್ಲ. ಹೊಸದಾಗಿ ಶುರುಮಾಡುವವರು ಪ್ರಮಾಣಪತ್ರದ ದಾರಿಯನ್ನೇ ಹಿಡಿಯಲಿ. ಯಾವ ದಾರಿಯಾದರೂ ಕಂಪ್ಯೂಟರ್ ಸರ್ವರಿನ ಪ್ರಮಾಣಪತ್ರವನ್ನು ಪರೀಕ್ಷಿಸುವಂತೆ ಹೊಂದಿಸಲೇಬೇಕು. ‘ಎರರ್ ಬರುತ್ತದೆ’ ಎಂದು ಆ ಪರೀಕ್ಷೆಯನ್ನು ಆರಿಸುವವರು ತಮ್ಮ ನೌಕರರ ಪಾಸ್‌ವರ್ಡನ್ನು ದಾರಿಹೋಕ ಕೇಳಿದರೂ ಕೊಡಿ ಎಂದು ಯಂತ್ರಕ್ಕೆ ಕಲಿಸಿದಂತಾಗುತ್ತದೆ. ಇನ್ನೊಂದು ಸಣ್ಣ ಸಂಗತಿ: ವಿಂಡೋಸ್‌ನಲ್ಲಿ ತಂತಿಜಾಲದ ಸಪ್ಲಿಕೆಂಟ್ ಆದ ‘ವೈರ್ಡ್ ಆಟೋ ಕಾನ್ಫಿಗ್’ ಸೇವೆ ತಾನಾಗಿ ಶುರುವಾಗುವುದಿಲ್ಲ. ಅದನ್ನು ಗ್ರೂಪ್ ಪಾಲಿಸಿಯಿಂದ ಎಲ್ಲ ಯಂತ್ರಗಳಲ್ಲೂ ಆಟೋಮ್ಯಾಟಿಕ್‌ಗೆ ಹಾಕದಿದ್ದರೆ ಸ್ವಿಚ್ ಕೂಗುತ್ತಿರುತ್ತದೆ, ಒಳಗಿನಿಂದ ಓಗೊಡುವವರು ಇರುವುದಿಲ್ಲ.

ಈಗ ಸಿಸ್ಕೋ ಕ್ಯಾಟಲಿಸ್ಟ್ ಸ್ವಿಚ್ ಮತ್ತು ಉಚಿತವಾಗಿ ಸಿಗುವ ಫ್ರೀರೇಡಿಯಸ್ ಸರ್ವರ್ ಇಟ್ಟುಕೊಂಡು ಆಜ್ಞೆಗಳ ಕ್ರಮ ನೋಡೋಣ. ಬೇರೆ ಕಂಪನಿಗಳ ಸ್ವಿಚ್ಚಿನಲ್ಲಿ ಪದ ಬೇರೆ, ಕ್ರಮ ಇದೇ. ಎಲ್ಲಕ್ಕಿಂತ ಮೊದಲು ಸ್ವಿಚ್‌ನಲ್ಲೇ ಒಬ್ಬ ಸ್ಥಳೀಯ ಬಳಕೆದಾರನನ್ನು ಸೃಷ್ಟಿಸಿ, ಕನ್ಸೋಲ್ ಕೇಬಲ್ ಕೈಗೆಟಕುವಲ್ಲಿ ಇಟ್ಟುಕೊಳ್ಳಿ. ಏಕೆಂದರೆ ‘ಎಎಎ ನ್ಯೂ-ಮಾಡೆಲ್’ ಎಂಬ ಮೊದಲ ಆಜ್ಞೆ ಕೊಟ್ಟ ಕೂಡಲೇ ಲಾಗಿನ್ ನಿಯಮ ಬದಲಾಗುತ್ತದೆ, ಸ್ಥಳೀಯ ಹೆಸರಿಲ್ಲದಿದ್ದರೆ ದೂರದಿಂದ ಬಂದ ನೀವೇ ಹೊರಗೆ ಉಳಿಯುತ್ತೀರಿ. ಆಮೇಲೆ ರೇಡಿಯಸ್ ಸರ್ವರಿನ ವಿಳಾಸ, ದೃಢೀಕರಣಕ್ಕೆ 1812 ಮತ್ತು ಲೆಕ್ಕಕ್ಕೆ 1813 ಪೋರ್ಟ್, ಇಬ್ಬರಿಗೂ ಗೊತ್ತಿರುವ ಗುಟ್ಟಿನ ಪದ. ಅದರ ನಂತರ ಮೂರು ಸಾಲು ಬರುತ್ತವೆ: ‘ಎಎಎ ಅಥೆಂಟಿಕೇಷನ್ ಡಾಟ್1ಎಕ್ಸ್’, ‘ಎಎಎ ಆಥರೈಸೇಷನ್ ನೆಟ್‌ವರ್ಕ್’, ‘ಎಎಎ ಅಕೌಂಟಿಂಗ್ ಡಾಟ್1ಎಕ್ಸ್’. ನಡುವಿನ ಸಾಲನ್ನು ಮರೆಯುವವರು ಬಹಳ. ಅದಿಲ್ಲದಿದ್ದರೆ ದೃಢೀಕರಣ ಸಲೀಸಾಗಿ ನಡೆಯುತ್ತದೆ, ಆದರೆ ಸರ್ವರ್ ಕಳಿಸಿದ ವಿ-ಲ್ಯಾನನ್ನು ಸ್ವಿಚ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಎಲ್ಲರೂ ಪೋರ್ಟಿನ ಮೂಲ ವಿ-ಲ್ಯಾನ್‌ನಲ್ಲೇ ಕೂರುತ್ತಾರೆ. ಇಡೀ ಸ್ವಿಚ್ಚಿಗೆ ‘ಡಾಟ್1ಎಕ್ಸ್ ಸಿಸ್ಟಮ್-ಆಥ್-ಕಂಟ್ರೋಲ್’ ಕೊಟ್ಟ ಮೇಲೆ ಪೋರ್ಟಿನ ಸರದಿ: ‘ಅಥೆಂಟಿಕೇಷನ್ ಪೋರ್ಟ್-ಕಂಟ್ರೋಲ್ ಆಟೋ’, ‘ಡಾಟ್1ಎಕ್ಸ್ ಪಿಎಇ ಅಥೆಂಟಿಕೇಟರ್’, ಜೊತೆಗೆ ‘ಸ್ಪ್ಯಾನಿಂಗ್-ಟ್ರೀ ಪೋರ್ಟ್‌ಫಾಸ್ಟ್’. ಸ್ವಿಚ್‌ಗಳ ನಡುವಿನ ಟ್ರಂಕ್ ಮತ್ತು ರೇಡಿಯಸ್ ಸರ್ವರ್ ಕೂತಿರುವ ಪೋರ್ಟಿಗೆ ಇವನ್ನು ಹಾಕಬಾರದು. ನ್ಯಾಯಾಧೀಶನನ್ನೇ ಕೋರ್ಟಿನ ಹೊರಗೆ ನಿಲ್ಲಿಸಿ ಅನುಮತಿ ಪತ್ರ ಕೇಳಿದರೆ ವಿಚಾರಣೆ ನಡೆಯುವುದು ಹೇಗೆ? ಹೊಸ ಐಒಎಸ್-ಎಕ್ಸ್‌ಇ ಸ್ವಿಚ್‌ಗಳಲ್ಲಿ ಇದನ್ನೇ ಪಾಲಿಸಿ ರೂಪದಲ್ಲಿ ಬರೆಯುವ ಶೈಲಿಯೂ ಇದೆ, ತರ್ಕ ಬದಲಾಗುವುದಿಲ್ಲ.

ಆದರೆ ಇಷ್ಟು ಮಾಡಿ ಬಾಗಿಲು ಮುಚ್ಚಬೇಡಿ. ಪೋರ್ಟಿಗೆ ‘ಅಥೆಂಟಿಕೇಷನ್ ಓಪನ್’ ಎಂಬ ಇನ್ನೊಂದು ಸಾಲು ಸೇರಿಸಿ. ಆಗ ಸ್ವಿಚ್ ಗುರುತು ಕೇಳುತ್ತದೆ, ಸರ್ವರ್ ತೀರ್ಪು ಬರೆಯುತ್ತದೆ, ಆದರೆ ಸೋತವರನ್ನೂ ಒಳಗೆ ಬಿಡುತ್ತದೆ. ಈ ಮಾನಿಟರ್ ಮೋಡ್‌ನಲ್ಲಿ ಕನಿಷ್ಠ ಒಂದು ತಿಂಗಳು ಓಡಿಸಬೇಕು. ತಿಂಗಳೇ ಏಕೆಂದರೆ ಕೆಲವು ಯಂತ್ರಗಳು ತಿಂಗಳಿಗೊಮ್ಮೆ ಮಾತ್ರ ಎಚ್ಚರಗೊಳ್ಳುತ್ತವೆ: ಸಂಬಳದ ದಿನ ಚಾಲೂ ಆಗುವ ಚೆಕ್ ಪ್ರಿಂಟರ್, ಲೆಕ್ಕ ತಪಾಸಣೆಯವರು ಬಂದಾಗ ಹೊರತೆಗೆಯುವ ಹಳೆಯ ಕಂಪ್ಯೂಟರ್. ರೇಡಿಯಸ್ ಸರ್ವರಿನ ದಾಖಲೆಯಲ್ಲಿ ಸೋತವರ ಪಟ್ಟಿ ದಿನದಿನಕ್ಕೆ ಬೆಳೆಯುತ್ತದೆ. ಆ ಪಟ್ಟಿಯೇ ನಿಮ್ಮ ವಿನಾಯಿತಿಗಳ ಪಟ್ಟಿ. ಪ್ರತಿ ಸಾಲಿನ ಎದುರು ಯಂತ್ರ ಯಾವುದು, ಯಾವ ಗೋಡೆಯಲ್ಲಿದೆ, ಯಾರ ಜವಾಬ್ದಾರಿ, ಅದು ಯಾವ ಸರ್ವರಿನ ಜೊತೆ ಮಾತಾಡಬೇಕು ಎಂದು ಬರೆಯುತ್ತ ಹೋಗಿ. ಯಾರದ್ದೆಂದು ಯಾರೂ ಹೇಳಲಾರದ ಒಂದೆರಡು ಯಂತ್ರ ಸಿಕ್ಕೇ ಸಿಗುತ್ತವೆ. ನಾಸಾದ ಜಾಲದಲ್ಲೂ ಅನುಮತಿಯಿಲ್ಲದ ಯಂತ್ರವೊಂದು ಹೀಗೇ ಇತ್ತು. ಇಷ್ಟು ಗೊತ್ತಾದರೆ, ಮುಂದೆ ಬಾಗಿಲು ಮುಚ್ಚಲು ಆಡಳಿತ ಮಂಡಳಿ ಒಪ್ಪದೇ ಹೋದರೂ, ಪಟ್ಟ ಶ್ರಮಕ್ಕೆ ಬೆಲೆ ಬಂದಂತೆಯೇ.

ಗುರುತು ಹೇಳಲಾಗದ ಯಂತ್ರಗಳಿಗೆ ಇರುವ ರೂಢಿಯ ಉಪಾಯ ಮ್ಯಾಬ್, ಅಂದರೆ ಯಂತ್ರದ ಜಾಲ-ಕಾರ್ಡಿನ ಮ್ಯಾಕ್ ವಿಳಾಸವನ್ನೇ ಹೆಸರು ಮತ್ತು ಪಾಸ್‌ವರ್ಡ್ ಎಂದು ಸರ್ವರಿಗೆ ಕಳಿಸುವುದು. ಇದು ದಿಡ್ಡಿ ಬಾಗಿಲು. ಮ್ಯಾಕ್ ವಿಳಾಸ ಗುಟ್ಟಲ್ಲ. ಪ್ರಿಂಟರಿನ ಬೆನ್ನ ಮೇಲೆ ಚೀಟಿಯಲ್ಲಿ ಅಚ್ಚಾಗಿರುತ್ತದೆ, ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಒಂದು ಸಾಲಿನ ಆಜ್ಞೆಯಿಂದ ಅದನ್ನು ನಕಲು ಮಾಡಬಹುದು. ಹಾಗಾದರೆ ಮ್ಯಾಬ್ ಕೊಡುವುದೇ ಬೇಡವೇ? ಬೇಕು, ಆದರೆ ಅದನ್ನು ಗುರುತು ಎಂದು ನಂಬದೆ ಬರೀ ಹೆಸರಿನ ಫಲಕ ಎಂದು ನಡೆಸಿಕೊಳ್ಳಬೇಕು. ಮ್ಯಾಬ್‌ನಿಂದ ಒಳಬಂದ ಯಂತ್ರಕ್ಕೆ ಸಿಗುವುದು 40 ಅಥವಾ 50ನೆಯ ವಿ-ಲ್ಯಾನ್, ಅಲ್ಲಿಂದ ತಲುಪಬಹುದಾದದ್ದು ಒಂದೋ ಎರಡೋ ಸರ್ವರ್. ಪ್ರಿಂಟರಿನ ವಿಳಾಸ ಕದ್ದು ಒಳಬಂದವನು ಪ್ರಿಂಟ್ ಸರ್ವರಿನ ಒಂದು ಪೋರ್ಟನ್ನು ಬಿಟ್ಟು ಇನ್ನೇನೂ ಕಾಣದಿದ್ದರೆ ಕದ್ದ ಶ್ರಮ ಬಹುಮಟ್ಟಿಗೆ ವ್ಯರ್ಥ. ಹಿಂದೆ ಹೇಳಿದ ಕೋಷ್ಟಕ ಬಿಗಿಯಾಗಿರಬೇಕೆಂದದ್ದು ಇದಕ್ಕೇ. 2024ರ ಜುಲೈನಲ್ಲಿ ಬಯಲಾದ ಬ್ಲಾಸ್ಟ್-ರೇಡಿಯಸ್ ದೋಷವೂ ಇದೇ ಬಾಗಿಲಿನ ಹತ್ತಿರ ಬಂದು ನಿಲ್ಲುತ್ತದೆ. ರೇಡಿಯಸ್ ಹಳೆಯ ಎಂಡಿ5 ವಿಧಾನವನ್ನು ನೆಚ್ಚಿಕೊಂಡಿರುವುದರಿಂದ ಸ್ವಿಚ್ ಮತ್ತು ಸರ್ವರ್ ನಡುವೆ ಕೂತವನು ‘ಇಲ್ಲ’ ಎಂಬ ತೀರ್ಪನ್ನು ‘ಸರಿ’ ಎಂದು ತಿರುಚಬಹುದು ಎಂದು ಸಂಶೋಧಕರು ತೋರಿಸಿದರು. ಡಾಟ್ ಒನ್ ಎಕ್ಸ್ ಬಳಸುವ ಇಎಪಿ ಮಾತುಕತೆಗೆ ಮೆಸೇಜ್ ಅಥೆಂಟಿಕೇಟರ್ ಎಂಬ ಮುದ್ರೆ ಕಡ್ಡಾಯ, ಆದ್ದರಿಂದ ಅದಕ್ಕೆ ಈ ದಾಳಿ ತಾಗುವುದಿಲ್ಲ. ಸಾದಾ ಪಾಸ್‌ವರ್ಡ್ ರೂಪದಲ್ಲಿ ಹೋಗುವ ಮ್ಯಾಬ್‌ಗೆ ತಾಗುತ್ತದೆ. ಸರ್ವರ್ ಮತ್ತು ಸ್ವಿಚ್ ಎರಡರ ತಂತ್ರಾಂಶವನ್ನೂ ಹೊಸದಾಗಿಸಿ, ಆ ಮುದ್ರೆಯಿಲ್ಲದ ಮಾತನ್ನು ತಿರಸ್ಕರಿಸುವಂತೆ ಹೊಂದಿಸಿ.

ಮ್ಯಾಬ್‌ನಲ್ಲಿ ಇನ್ನೊಂದು ತೊಡಕು ಹೊತ್ತಿನದು. ಸ್ವಿಚ್ ಮೊದಲು ಡಾಟ್ ಒನ್ ಎಕ್ಸ್ ಪ್ರಶ್ನೆ ಕೇಳುತ್ತದೆ, ಉತ್ತರ ಬಾರದಿದ್ದರೆ ಮತ್ತೆರಡು ಸಲ ಕೇಳಿ ಆಮೇಲೆ ಮ್ಯಾಕ್ ವಿಳಾಸಕ್ಕೆ ಇಳಿಯುತ್ತದೆ. ಸಿಸ್ಕೋದಲ್ಲಿ ಪ್ರತಿ ಕಾಯುವಿಕೆ 30 ಸೆಕೆಂಡು ಎಂದು ಮೊದಲೇ ಹೊಂದಿಸಿರುತ್ತದೆ, ಒಟ್ಟು 90 ಸೆಕೆಂಡು. ಅಷ್ಟರಲ್ಲಿ ಕ್ಯಾಮೆರಾ ಐಪಿ ವಿಳಾಸಕ್ಕಾಗಿ ಬೇಡಿ ಬೇಡಿ ಸುಮ್ಮನಾಗಿರುತ್ತದೆ, ಬಾಗಿಲು ತೆರೆದಾಗ ಅದು ಕೇಳುತ್ತಲೇ ಇರುವುದಿಲ್ಲ. ‘ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬರಲ್ಲ ಸರ್’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ 90 ಸೆಕೆಂಡು. ‘ಟಿಎಕ್ಸ್-ಪೀರಿಯಡ್’ ಅನ್ನು 10ಕ್ಕೆ ಇಳಿಸಿದರೆ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ತೀರ ಇಳಿಸಿದರೆ ನಿಧಾನವಾಗಿ ಏಳುವ ಕಂಪ್ಯೂಟರುಗಳು ಮ್ಯಾಬ್ ಸಾಲಿಗೆ ಜಾರುತ್ತವೆ, ಎಚ್ಚರ. ಇಂಥ ಮೂಕ ಯಂತ್ರಗಳನ್ನು ಒಮ್ಮೆ ಒಂದು ವಿ-ಲ್ಯಾನ್‌ನಲ್ಲಿ ಐಪಿ ಕೊಟ್ಟು ಆಮೇಲೆ ಇನ್ನೊಂದಕ್ಕೆ ಎಳೆಯಲೂಬಾರದು. ತಮ್ಮನ್ನು ಸ್ಥಳಾಂತರ ಮಾಡಿದ್ದು ಅವಕ್ಕೆ ಗೊತ್ತಾಗದು, ಹಳೆಯ ವಿಳಾಸ ಹಿಡಿದುಕೊಂಡು ಕೂರುತ್ತವೆ.

ಮೇಜಿನ ಮೇಲಿನ ಐಪಿ ಫೋನ್, ಅದರ ಹಿಂದೆ ಕಂಪ್ಯೂಟರ್ ಇದ್ದರೆ ಪೋರ್ಟನ್ನು ಮಲ್ಟಿ-ಡೊಮೇನ್ ಮೋಡ್‌ಗೆ ಹಾಕಬೇಕು. ಫೋನಿಗೆ ಒಂದು ಗುರುತು, ಕಂಪ್ಯೂಟರಿಗೆ ಒಂದು. ಮಲ್ಟಿ-ಹೋಸ್ಟ್ ಎಂಬ ಇನ್ನೊಂದು ಮೋಡ್ ಇದೆ, ಅದರಲ್ಲಿ ಒಬ್ಬರು ಗುರುತು ತೋರಿಸಿದರೆ ಹಿಂದಿರುವವರೆಲ್ಲ ಒಳಗೆ. ಒಂದು ಟಿಕೆಟ್ ತೋರಿಸಿ ಇಡೀ ದಿಬ್ಬಣವನ್ನು ಬಸ್ಸಿಗೆ ಹತ್ತಿಸಿದ ಹಾಗೆ, ಅದನ್ನು ಮುಟ್ಟಬೇಡಿ. ಸಾಕೆಟ್ ಸಾಲದೆಂದು ಸಿಬ್ಬಂದಿ ತಾವೇ ತಂದಿಟ್ಟುಕೊಂಡ ಐದು ಪೋರ್ಟಿನ ಅಗ್ಗದ ಸ್ವಿಚ್‌ಗಳು ಈ ಹಂತದಲ್ಲಿ ಬೆಳಕಿಗೆ ಬರುತ್ತವೆ. ಗುರುತಿನ ಫ್ರೇಮುಗಳು ಹೋಗುವ ವಿಶೇಷ ವಿಳಾಸವನ್ನು ಸ್ವಿಚ್‌ಗಳು ಮುಂದೆ ಸಾಗಿಸಬಾರದೆಂಬುದೇ ನಿಯಮ. ಹಾಗಾಗಿ ಅಂಥ ಹಲವು ಡಬ್ಬಿಗಳ ಹಿಂದಿರುವ ಕಂಪ್ಯೂಟರ್ ಸರಿಯಾದ ಪ್ರಮಾಣಪತ್ರ ಇಟ್ಟುಕೊಂಡೂ ಒಳಬರಲಾರದು. ಅವಕ್ಕೆ ವಿನಾಯಿತಿ ಕೊಡುವ ಬದಲು ಇನ್ನೊಂದು ಕೇಬಲ್ ಎಳೆಸುವುದೇ ಕೊನೆಗೆ ಅಗ್ಗ.

ಎಲ್ಲಕ್ಕಿಂತ ದೊಡ್ಡ ವಿನಾಯಿತಿಯ ಪ್ರಶ್ನೆ ಸರ್ವರ್ ಸತ್ತ ದಿನದ್ದು. ಈ ವ್ಯವಸ್ಥೆಯನ್ನು ಬೇಡವೆನ್ನುವವರ ಅತಿ ಬಲವಾದ ಆಕ್ಷೇಪ ಇದೇ: ಇವತ್ತು ಸರ್ವರ್ ಇಲ್ಲದೆಯೂ ನಡೆಯುವ ಜಾಲವನ್ನು ನಾಳೆ ಒಂದು ಸರ್ವರಿನ ಉಸಿರಿಗೆ ಕಟ್ಟಿಹಾಕುವುದೇಕೆ? ಆಕ್ಷೇಪದಲ್ಲಿ ಹುರುಳಿದೆ. ಆದರೆ ಪರಿಣಾಮ ಹೇಳಿದಷ್ಟು ಘೋರವಲ್ಲ. ಸರ್ವರ್ ಬಿದ್ದಾಗ ಆಗಲೇ ಒಳಗಿರುವವರನ್ನು ಸ್ವಿಚ್ ಹೊರಗೆ ಹಾಕುವುದಿಲ್ಲ. ಹೊಸದಾಗಿ ಬರುವವರು ಮತ್ತು ಮರುಪರಿಶೀಲನೆಯ ಹೊತ್ತು ಬಂದವರು ಮಾತ್ರ ಸಿಕ್ಕಿಬೀಳುತ್ತಾರೆ. ಎರಡು ಸರ್ವರ್‌ಗಳನ್ನು ಬೇರೆಬೇರೆ ಯಂತ್ರಗಳಲ್ಲಿ, ಸಾಧ್ಯವಾದರೆ ಬೇರೆಬೇರೆ ವಿದ್ಯುತ್ ಸಾಲಿನಲ್ಲಿ ಇಟ್ಟರೆ ಅಂಥ ಗಳಿಗೆಯೇ ಅಪರೂಪ. ಎರಡೂ ಬಿದ್ದರೆ ಏನು ಎಂಬುದಕ್ಕೆ ‘ಅಥೆಂಟಿಕೇಷನ್ ಇವೆಂಟ್ ಸರ್ವರ್ ಡೆಡ್’ ಎಂಬ ಆಜ್ಞೆಯಿದೆ. ಅದರಲ್ಲಿ ಕ್ರಿಟಿಕಲ್ ವಿ-ಲ್ಯಾನ್ ಹೆಸರಿಸಬಹುದು, ಫೋನುಗಳಿಗೆ ಬೇರೆ ಸಾಲು ಬರೆಯಬೇಕು. ಆ ವಿ-ಲ್ಯಾನ್‌ನಿಂದ ಏನೆಲ್ಲ ತಲುಪಬಹುದು ಎಂಬುದು ತಂತ್ರಜ್ಞಾನದ ತೀರ್ಮಾನವಲ್ಲ, ಸಂಸ್ಥೆಯ ತೀರ್ಮಾನ. ಆಸ್ಪತ್ರೆಯ ವಾರ್ಡಿನಲ್ಲಿ ಬಾಗಿಲು ತೆರೆದೇ ಸೋಲಬೇಕು, ಏಕೆಂದರೆ ಒಳಗೆ ರೋಗಿಯಿದ್ದಾರೆ. ಬ್ಯಾಂಕಿನ ಖಜಾನೆ ವಿಭಾಗದಲ್ಲಿ ಮುಚ್ಚಿಯೇ ಸೋಲಬೇಕು. ಇದನ್ನು ಲಿಖಿತವಾಗಿ ಮೇಲಿನವರಿಂದ ಒಪ್ಪಿಸಿಕೊಳ್ಳಿ. ಆಮೇಲೆ ಒಂದು ಶನಿವಾರ ಎರಡೂ ಸರ್ವರುಗಳ ಕೇಬಲ್ ಕಿತ್ತು ಬರೆದದ್ದು ಹಾಗೇ ನಡೆಯುತ್ತದೆಯೇ ನೋಡಿ.

ಉಳಿದ ಆಕ್ಷೇಪಗಳು ಇಷ್ಟು ಭಾರದವಲ್ಲ. ‘ಈಗ ಎಲ್ಲರೂ ವೈ-ಫೈಯಲ್ಲೇ ಇದ್ದಾರೆ, ತಂತಿ ಯಾರು ನೋಡುತ್ತಾರೆ?’ ಎನ್ನುವವರಿದ್ದಾರೆ. ವೈ-ಫೈಯಲ್ಲಿ ಎಂಟರ್‌ಪ್ರೈಸ್ ವಿಧಾನ ಬಳಸುವ ಸಂಸ್ಥೆ ಆಗಲೇ ಡಾಟ್ ಒನ್ ಎಕ್ಸ್ ನಡೆಸುತ್ತಿದೆ. ವಿಶ್ವವಿದ್ಯಾಲಯಗಳ ಹಂಚಿಕೆಯ ವೈ-ಫೈ ಜಾಲವಾದ ಎಜುರೋಮ್ ನಿಂತಿರುವುದೂ ಅದರ ಮೇಲೆ, ನಮ್ಮ ದೇಶದಲ್ಲಿ ಅದನ್ನು ಎರ್ನೆಟ್ ಇಂಡಿಯಾ ನೋಡಿಕೊಳ್ಳುತ್ತದೆ. ಅಂದರೆ ಸರ್ವರ್ ಇದೆ, ಅನುಭವ ಇದೆ, ಗಾಳಿಗೆ ಕಾವಲಿದೆ, ಗೋಡೆಯ ಸಾಕೆಟ್ಟಿಗೆ ಮಾತ್ರ ಇಲ್ಲ. ‘ಈಗ ಝೀರೋ ಟ್ರಸ್ಟ್ ಕಾಲ, ಜಾಲವನ್ನು ಕಾಯುವುದೇ ಹಳೆಯ ಯೋಚನೆ’ ಎಂಬ ಇನ್ನೊಂದು ಮಾತು ಕೇಳಲು ಚೆನ್ನಾಗಿದೆ. ಜಾಲದೊಳಗಿದ್ದಾರೆಂಬ ಕಾರಣಕ್ಕೆ ಯಾರನ್ನೂ ನಂಬದ ಆ ಝೀರೋ ಟ್ರಸ್ಟ್ ಯೋಚನೆಯ ಮಾದರಿ ಎಂದು ಎಲ್ಲರೂ ತೋರಿಸುವ ಗೂಗಲ್‌ನ ಬಿಯಾಂಡ್‌ಕಾರ್ಪ್ ಬಗ್ಗೆ 2014ರ ಡಿಸೆಂಬರ್‌ನಲ್ಲಿ ಆ ಕಂಪನಿಯವರೇ ಬರೆದ ಲೇಖನದಲ್ಲಿ, ಕಚೇರಿಯೊಳಗಿನ ಯಂತ್ರಗಳನ್ನು 802.1ಎಕ್ಸ್ ಮೂಲಕ ಗುರುತಿಸಿ ರೇಡಿಯಸ್ ಸರ್ವರ್ ಸೂಕ್ತ ವಿ-ಲ್ಯಾನ್‌ಗೆ ಕಳಿಸುತ್ತದೆ ಎಂದೇ ಇದೆ. ಇನ್ನು, ಇದನ್ನೂ ಮುರಿಯಬಹುದು ಎಂಬ ಮಾತು ನಿಜ. ಗುರುತು ತೋರಿಸಿದ ಕಂಪ್ಯೂಟರ್ ಮತ್ತು ಗೋಡೆಯ ನಡುವೆ ಒಂದು ಸಣ್ಣ ಸೇತುವೆ ಯಂತ್ರ ಕೂರಿಸಿ, ಆ ಕಂಪ್ಯೂಟರಿನ ಹೆಸರಿನಲ್ಲೇ ಒಳನುಸುಳುವುದನ್ನು 2011ರ ಡೆಫ್ ಕಾನ್ ಸಮ್ಮೇಳನದಲ್ಲಿ ಮಾಡಿ ತೋರಿಸಿದ್ದರು. ಒಮ್ಮೆ ಬಾಗಿಲು ತೆರೆದ ಮೇಲೆ ಪ್ರತಿ ಫ್ರೇಮನ್ನೂ ಪರೀಕ್ಷಿಸದಿರುವುದೇ ಅದಕ್ಕೆ ಕಾರಣ. ಮ್ಯಾಕ್‌ಸೆಕ್ ಎಂಬ ಗೂಢಲಿಪೀಕರಣ ಇದಕ್ಕೆ ಮದ್ದು, 2010ರ ಪರಿಷ್ಕಾರ ಅದನ್ನು ಡಾಟ್ ಒನ್ ಎಕ್ಸ್ ಜೊತೆ ಹೊಂದಿಸಿತು. ಸ್ವಿಚ್ ಮತ್ತು ಕಂಪ್ಯೂಟರ್ ಎರಡೂ ಅದನ್ನು ಬಲ್ಲವಾಗಿದ್ದರೆ ಬಳಸಬೇಕು. ಇಲ್ಲದಿದ್ದರೂ, ಕಟ್ಟಡದೊಳಗೆ ಬಂದು, ಚಾಲೂ ಇರುವ ಯಂತ್ರದ ಹಿಂದೆ ಕೈಹಾಕಿ ಸಲಕರಣೆ ಕೂರಿಸಬೇಕಾದ ಕಳ್ಳನಿಗೂ, ಖಾಲಿ ಸಾಕೆಟ್ ಕಂಡಲ್ಲಿ ಕೇಬಲ್ ಚುಚ್ಚುವ ಕಳ್ಳನಿಗೂ ಅಂತರ ಬಹಳ. ಬೀಗ ಒಡೆಯಬಲ್ಲವರು ಇದ್ದಾರೆಂದು ಯಾರೂ ಬಾಗಿಲನ್ನು ಹಾರುಹೊಡೆದು ಇಡುವುದಿಲ್ಲ.

ಹೆಚ್ಚಾಗಿ ಯಾರೂ ಎಣಿಸದ ಲಾಭವೊಂದಿದೆ. ಯಾವ ಯಂತ್ರ, ಯಾರ ಹೆಸರಿನಲ್ಲಿ, ಯಾವ ಸ್ವಿಚ್ಚಿನ ಎಷ್ಟನೆಯ ಪೋರ್ಟಿನಲ್ಲಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಇತ್ತು ಎಂಬ ಲೆಕ್ಕವನ್ನು ರೇಡಿಯಸ್ ಅಕೌಂಟಿಂಗ್ ತಾನಾಗಿ ಬರೆದಿಡುತ್ತದೆ. 2022ರ ಏಪ್ರಿಲ್ 28ರಂದು ದೇಶದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ದಾಖಲೆಗಳನ್ನು 180 ದಿನ ಇಟ್ಟಿರಬೇಕು, ಗಡಿಯಾರಗಳು ಅಧಿಕೃತ ಸಮಯಕ್ಕೆ ಹೊಂದಿರಬೇಕು. ಪೋರ್ಟಿಗೆ ಗುರುತೇ ಇಲ್ಲದ ಜಾಲದಲ್ಲಿ ಆರು ಗಂಟೆಯೊಳಗೆ ಹೇಳಲು ಸಾಧ್ಯವಾಗುವುದು ‘ಒಂದು ಐಪಿ ವಿಳಾಸ ಇತ್ತು’ ಎಂಬಷ್ಟೇ.

ಜಾರಿಗೆ ತರುವಾಗ ಒಂದು ಮಹಡಿ, ಅದರಲ್ಲೂ ಐಟಿ ವಿಭಾಗದವರೇ ಕೂರುವ ಮಹಡಿ ಮೊದಲು. ಅಲ್ಲಿ ಮಾನಿಟರ್ ಮೋಡ್ ತೆಗೆದು ಎರಡು ವಾರ ನೋಡಿ, ‘ಶೋ ಅಥೆಂಟಿಕೇಷನ್ ಸೆಷನ್ಸ್’ ಆಜ್ಞೆಯ ಉತ್ತರ ಓದುವುದನ್ನು ಸಹಾಯವಾಣಿಯವರಿಗೂ ಕಲಿಸಿ, ಆಮೇಲೆ ಮುಂದಿನ ಮಹಡಿ. ವಿನಾಯಿತಿಯ ಪ್ರತಿ ಸಾಲಿಗೂ ಒಂದು ಮುಕ್ತಾಯ ದಿನಾಂಕ ಇರಲಿ; ಆರು ತಿಂಗಳಿಗೊಮ್ಮೆ ಅದನ್ನು ಯಾರಾದರೂ ಬೇಕೆಂದು ಮತ್ತೆ ಕೇಳದಿದ್ದರೆ ಅಳಿಸಿಹಾಕಿ. ಕೊನೆಯದಾಗಿ, ಸರ್ವರಿನ ಪ್ರಮಾಣಪತ್ರಕ್ಕೂ ಮುಕ್ತಾಯ ದಿನಾಂಕವೊಂದು ಇದೆ. ಅದು ದಾಟಿದ ಬೆಳಿಗ್ಗೆ ಸರಿಯಾದ ಗುರುತು ಇದ್ದವರೆಲ್ಲ ಒಟ್ಟಿಗೇ ಹೊರಗೆ ನಿಲ್ಲುತ್ತಾರೆ, ಮ್ಯಾಬ್‌ನಲ್ಲಿರುವ ಪ್ರಿಂಟರ್ ಮಾತ್ರ ಆರಾಮಾಗಿ ಕೆಲಸ ಮಾಡುತ್ತಿರುತ್ತದೆ. ಆ ದಿನಾಂಕವನ್ನು ಇವತ್ತೇ ನೋಡಿ, ಅದಕ್ಕೆ ಎರಡು ತಿಂಗಳು ಮುಂಚಿನ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಬ್ಬರದ್ದಲ್ಲ, ಇಬ್ಬರ ಕ್ಯಾಲೆಂಡರಿನಲ್ಲಿ.